ತುಟಿಗೆ ಒಂದು ಗೇಣು

ಮೇಣ ಕರಗುವ ವಾಸನೆ, ಬಂತು, ಬಂದೇಬಿಟ್ಟಿತು — ಅಲ್ಲ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಯಾರೋ ಸೋಯಾಕಾಳಿನ ತೆಂಪೆ ಕರಿಯುತ್ತಿದ್ದಾರೆ, ಅಷ್ಟೇ, ಕಿನಾಸಿಹ್ ಬಟನ್ನಿನ ಮೇಲಿಂದ ಹೆಬ್ಬೆರಳು ತೆಗೆದಳು, ತಲೆಗೆ ಅಂಟಿಸಿದ ತಂತಿಗಳ ಕೆಳಗೆ ನವೆ, ಕೆರೆಯುವಂತಿಲ್ಲ, ನರ್ಸ್ ಯಾಯುಕ್ ಸಿರಿಂಜಿನ ಕಾವಲಿಗೆ ಪಕ್ಕದಲ್ಲೇ ಕೂತಿದ್ದಾಳೆ, ಏನೇ ಸಿಹ್, ನಿನ್ ಫಿಟ್ಸ್‌ಗೆ ಭಾರಿ ನಾಚ್ಕೆ ಕಣೆ, ಮದುವೆ ಹೆಣ್ಣಿನ ಥರ ಹೊರಗೇ ಬರ್ತಿಲ್ವಲ್ಲ, ಬೆಳಗಿನಿಂದ ಅದೇ ತಮಾಷೆ. ಬಾರದಿರಲಿ ಅಂತ ಇಷ್ಟು ವರ್ಷ ಮಾತ್ರೆ ನುಂಗಿದ್ದು, ಈಗ ಮಾತ್ರೆ ನಿಲ್ಲಿಸಿ ಬಾ ಬಾ ಅಂತ ಕರೆಯುವುದು. ಡಾಕ್ಟರು ಹೇಳಿದ್ದರಲ್ಲ — ನೋಡಮ್ಮ, ಎಂಆರ್‌ಐನಲ್ಲಿ ಏನೂ ಕಾಣ್ತಿಲ್ಲ, ಶುರುವಾಗ್ತಿದೆ ಅನ್ನಿಸಿದ ಕೂಡ್ಲೇ ಬಟನ್ ಒತ್ತು, ನರ್ಸ್ ಔಷಧಿ ಕೊಡ್ತಾರೆ, ಮಿದುಳಲ್ಲಿ ಮೂರ್ಛೆ ಎಲ್ಲಿ ಹುಟ್ಟುತ್ತೋ ಅಲ್ಲೇ ಅದು ಹೋಗಿ ನಿಲ್ಲುತ್ತೆ, ಸ್ಕ್ಯಾನಲ್ಲಿ ಆ ಜಾಗ ಹೊಳೆಯುತ್ತೆ, ಆಮೇಲೆ ಅಷ್ಟನ್ನ ಕತ್ತರಿಸಿ ತೆಗೆದ್ರಾಯ್ತು. ಅಷ್ಟನ್ನ. ಅಷ್ಟು ಅಂದರೆ ಎಷ್ಟು, ಒಂದು ಕಡಲೆಬೀಜದಷ್ಟಾ, ಅಷ್ಟರಲ್ಲಿ ಅಮ್ಮ ಹೇಗೆ ಕೂತಿದ್ದಾಳೆ.

ಮೊದಲು ಮೇಣದ ವಾಸನೆ, ಆಮೇಲೆ ಕೈ. ಡಾಕ್ಟರಿಗೆ ವಾಸನೆಯನ್ನು ಹೇಳಿದಳು, ಕೈಯನ್ನು ಹೇಳಲಿಲ್ಲ. ಊರಲ್ಲಿ, ಪೆಕಲೊಂಗನ್ನಿನ ಬಾಟಿಕ್ ಅಂಗಳದಲ್ಲಿ, ಬಿಸಿ ಮೇಣದಿಂದ ಚಿತ್ತಾರ ಬರೆದ ಬಟ್ಟೆಯನ್ನು ಬಣ್ಣಕ್ಕೆ ಅದ್ದಿ ಅದ್ದಿ ಅಮ್ಮನ ಬೆರಳೆಲ್ಲ ನೀಲಿ, ಮಣ್ಣಿಗೆ ಹೋದ ದಿನವೂ ನೀಲಿ. ಕಿನಾಸಿಹ್ ಸಂತೆಯಲ್ಲಿ ಮೂರ್ಛೆ ಬಿದ್ದರೆ ಜನ ಹಿಂದೆ ಹಿಂದೆ ಸರಿಯುತ್ತಿದ್ದರು, ಮುಟ್ಬೇಡ್ರೋ, ನೊರೆ ತಾಗಿದ್ರೆ ನಿಮ್ಗೂ ಅಂಟುತ್ತೆ, ಎಲ್ಲರೂ ದೂರ ನಿಂತು ನೋಡುವಾಗ ಅಮ್ಮ ಒಬ್ಬಳೇ ನೆಲಕ್ಕೆ ಕೂತು ಆ ನೀಲಿ ಬೆರಳಿಂದ ಬಾಯಿ ಒರೆಸುತ್ತಿದ್ದಳು. ಈಗ ಚಿಕ್ಕಮ್ಮನ ಮನೆ, ಕಿನಾಸಿಹ್‌ಳ ಲೋಟದ ಹಿಡಿಗೆ ಕೆಂಪು ದಾರ, ತಪ್ಪಿ ಯಾರೂ ಅದರಲ್ಲಿ ಕುಡಿಯದಿರಲಿ ಅಂತ. ಚಿಕ್ಕಮ್ಮ ಕೆಟ್ಟವಳಲ್ಲ, ಮೀನಿನ ಒಳ್ಳೆಯ ತುಂಡನ್ನು ಇವಳಿಗೇ ಹಾಕುತ್ತಾಳೆ, ಉದ್ದ ಸೌಟಿನಿಂದ. ಅಮ್ಮ ಹೋದ ಮೇಲೆ ಮನೆಯಲ್ಲಿ ಇವಳನ್ನು ಯಾರೂ ಮುಟ್ಟಿಲ್ಲ, ಮೂರ್ಛೆಯಲ್ಲಿ ಆ ಕೈಯೊಂದು ಬರುತ್ತದೆ, ತುಟಿಗೆ ಒಂದು ಗೇಣು ಇರುವಾಗ ಕತ್ತಲೆ, ಪ್ರತಿ ಸಲವೂ ಅಷ್ಟರಲ್ಲೇ ಕತ್ತಲೆ.

ನಿನ್ನೆಯೂ ಬಂದಿತ್ತು, ಇವಳು ಒತ್ತಲಿಲ್ಲ, ಬೇಕೆಂದೇ ಒತ್ತಲಿಲ್ಲ. ಎಚ್ಚರವಾದಾಗ ಯಾಯುಕ್ ಬಾಯಿ ಒರೆಸುತ್ತಿದ್ದಳು, ಬಟನ್ ಕೈಗೆ ಸಿಗ್ಲಿಲ್ವೇನೋ, ಹೋಗ್ಲಿ ಬಿಡೆ, ನೀನೇನ್ ಮಾಡ್ತೀಯ. ಪಾಪ, ನಂಬಿದಳು. ಆಮೇಲೆ ಬಾಯಾರಿ, ಊರಿಂದ ತಂದಿದ್ದ ಇವಳ ಲೋಟದಲ್ಲೇ ಉಳಿದ ಚಹಾ ಗಟಗಟ ಕುಡಿದು, ಇದೇನೇ ದಾರ, ಲೋಟಕ್ಕೂ ದೃಷ್ಟಿ ತಾಗುತ್ತಾ ಅಂತ ನಕ್ಕಳು. ಅಯ್ಯೋ ಅನ್ನುವಷ್ಟರಲ್ಲಿ ಲೋಟ ಖಾಲಿ. ಸಂಜೆವರೆಗೂ ಕಿನಾಸಿಹ್ ಅವಳನ್ನೇ ನೋಡುತ್ತಿದ್ದಳು, ಬಿದ್ದಾಳಾ, ನಡುಗಿಯಾಳಾ, ಅವಳು ಆರಾಮವಾಗಿ ಓಡಾಡಿಕೊಂಡಿದ್ದಳು, ಯಾಕೋ ಇವಳಿಗೆ ಅಳು ಬಂದುಬಿಟ್ಟಿತು. ಇವತ್ತಿನ ಔಷಧಿ ಸಂಜೆಗೆ ಕೆಟ್ಟುಹೋಗುತ್ತಂತೆ, ಇವತ್ತು ಬರ್ಲಿಲ್ಲ ಅಂದ್ರೆ ಮನೆಗೆ ಕಳಿಸ್ತಾರೆ ಕಣೆ ಸಿಹ್. ಮನೆ, ಸೌಟು, ಕೆಂಪು ದಾರ, ಸಾಯುವವರೆಗೂ ಅದೇ ದಾರ, ಮತ್ತೆ ಕರಿದ ವಾಸನೆ — ಅಲ್ಲ, ತೆಂಪೆಯಲ್ಲ, ಮೇಣ, ಬಿಸಿ ಮೇಣ, ಹೆಬ್ಬೆರಳು ಒತ್ತಿಬಿಟ್ಟಿತು, ಒತ್ತಿದ್ದು ತಾನೇನಾ, ಯಾಯುಕ್‌ಳ ಕುರ್ಚಿ ಬಿದ್ದ ಸದ್ದು, ತೋಳಿನಲ್ಲಿ ತಣ್ಣಗೆ ಏನೋ ಏರುತ್ತಿದೆ, ಅಮ್ಮಾ, ನೀನಿರೋ ಜಾಗ ನಾನೇ ತೋರಿಸ್ಬಿಟ್ಟೆ, ಬರ್ತಿದಾರೆ, ಬೇಗ, ಇದೊಂದ್ ಸಲ ಮುಟ್ಟಿಬಿಡಮ್ಮ, ನೀಲಿ ಬೆರಳು, ತುಟಿಗೆ ಒಂದು ಗೇಣು, ನೀಲಿ ಬೆರಳು, ಒಂದು ಗೇಣು, ನೀಲಿ —