ತೆರಕಣಾಂಬಿ ದಾಟುವ ತನಕ

“ನಿಮ್ಮಣ್ಣನ ಹೆಸರೇನು ಕಣಮ್ಮಿ?”

ಬಸ್ಸಿನಲ್ಲಿ ಜೊತೆಗೆ ಕೂತಿದ್ದ ಮಾದಜ್ಜಿ ಕೇಳಿದ್ದು ಇಷ್ಟೇ. ಚಿಕ್ಕಬಸಮ್ಮ ಉತ್ತರ ಹೇಳಲೆಂದು ಬಾಯಿ ತೆರೆದಳು; ತೆರೆದ ಬಾಯಿ ಹಾಗೇ ಉಳಿಯಿತು. ಹಿಂದಿನ ಸೀಟಿನಲ್ಲಿದ್ದ ‘ಅಣ್ಣ’ ಒಮ್ಮೆ ಕೆಮ್ಮಿ, ಕಿಟಕಿಯಾಚೆಯ ಜೋಳದ ಹೊಲವನ್ನು ತನ್ನದೇ ಹೊಲವೆಂಬಂತೆ ನೋಡತೊಡಗಿದ.

ಮೂರು ದಿನದಿಂದ ಅವಳು ಎಲ್ಲ ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿಕೊಂಡಿದ್ದಳು. ಎಲ್ಲಿಗೆ ಎಂದರೆ ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಗೆ. ಯಾಕೆ ಎಂದರೆ ಚಿಕ್ಕಮ್ಮನಿಗೆ ಮೈ ಸರಿಯಿಲ್ಲ. ಜೊತೆಗಿರುವುದು ಯಾರು ಎಂದರೆ ಅಣ್ಣ. ಆದರೆ ಅಣ್ಣನಿಗೂ ಒಂದು ಹೆಸರು ಬೇಕಾದೀತೆಂದು ಅವಳಿಗೂ ಹೊಳೆದಿರಲಿಲ್ಲ, ಅಣ್ಣನಾಗಿ ಕೂತ, ದಿನಾ ಹತ್ತಾರು ಮಕ್ಕಳ ಹಾಜರಿ ಕೂಗುವ ಮೇಷ್ಟರಿಗೂ ಹೊಳೆದಿರಲಿಲ್ಲ. ಯಾವುದಾದರೂ ಒಂದು ಹೆಸರು ಎಸೆದುಬಿಟ್ಟಿದ್ದರೆ ಆಗುತ್ತಿತ್ತು. ಗಾಬರಿಯಲ್ಲಿ ನಾಲಿಗೆ ತುದಿಗೆ ಬಂದು ಕೂತದ್ದು ಗುರುಪಾದಸ್ವಾಮಿ ಎಂಬ ಅವನ ನಿಜವಾದ ಹೆಸರೊಂದೇ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಕೇಳಿ ಬೆಳೆದವಳು ಅವಳು. ಅದನ್ನು ನುಂಗಿಕೊಂಡು ತಲೆ ತಗ್ಗಿಸಿದಳು, ಕಿವಿಯವರೆಗೂ ಕೆಂಪಾದಳು.

ಮಾದಜ್ಜಿ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು.

“ಅಣ್ಣನ ಹೆಸರ ಹೇಳಕ್ಕೆ ನಾಚ್ಕಳೋ ತಂಗಿಯ ನಾ ಇವತ್ತೇ ಕಣಪ್ಪ ಕಂಡದ್ದು. ನಿಮ್ಮಪ್ಪ ಬಸ್ಟ್ಯಾಂಡಲ್ಲಿ ನನ್ ಕೈಗೆ ಒಪ್ಪಿಸ್ಬುಟ್ಟು ಓದ. ಈ ಅಣ್ಣ ಊರಾಚೆ ಆಲದ ಮರದ ತಾವು ಹತ್ಕಂಡ. ಹತ್ತಿದ್ದೇ ತಂಗಿಗೆ ಮಲ್ಲಿಗೆ ಹೂ ಕೊಟ್ಟ. ಒಳ್ಳೆ ಅಣ್ಣ ಬುಡು.”

ಬಸ್ಸು ನಕ್ಕಿತು. ಇದ್ದವರು ಹದಿನೈದಿಪ್ಪತ್ತು ಜನ. ಒಬ್ಬರೂ ನಗದೆ ಉಳಿಯಲಿಲ್ಲ. ಕಂಡಕ್ಟರ್ ರಂಗನಾಯಕ ಟಿಕೆಟ್ಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, “ಮೇಷ್ಟ್ರೇ, ತಂಗಿ ಪಕ್ಕ ಸೀಟು ಖಾಲಿ ಅದ, ಹೋಗಿ ಕುಂತ್ಕಳಿ” ಎಂದ. ಬಾಗಿಲ ಬಳಿ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಚಿಕ್ಕಮಲ್ಲಪ್ಪ, ಗುಂಡ್ಲುಪೇಟೆ ಸಂತೆಗೆ ಹೊರಟಿದ್ದವನು, ಮೇಷ್ಟರ ತೋಳಿನ ಮೇಲಿದ್ದ ಉಣ್ಣೆಯ ಕೋಟನ್ನು ಆಗಲೇ ಎರಡು ಸಲ ಅಳೆದು ನೋಡಿದ್ದ.

“ಗುಂಡ್ಲುಪೇಟೆಗೆ ಉಣ್ಣೆ ಕೋಟು ಯಾತಕ್ಕೆ ಸ್ವಾಮಿ? ಊಟಿಗಲ್ವರಾ?”

ಗುರುಪಾದಸ್ವಾಮಿ ಸುಳ್ಳಿಗೆ ಹೊಸಬ. “ಹೌದು” ಎಂದುಬಿಟ್ಟ.

ಅಲ್ಲಿಂದ ಶುರುವಾಯಿತು ಉಪದೇಶ. ಊಟಿಯ ನೀರು ಕುಡಿಯಬಾರದು, ಗಂಟಲು ಕಟ್ಟುತ್ತದೆ. ಬಂಡೀಪುರ ದಾಟಿದ ಮೇಲೆ ಮದ್ರಾಸಿನ ಪೊಲೀಸರು ಸಾರಾಯಿ ಹುಡುಕಲು ಹೆಂಗಸರ ಗಂಟನ್ನೂ ಬಿಚ್ಚಿಸುತ್ತಾರೆ. ಘಾಟಿಯಲ್ಲಿ ವಾಂತಿ ಬರುತ್ತದೆ, ನಿಂಬೆಹಣ್ಣು ತಂದಿದ್ದೀರೋ ಇಲ್ಲವೋ? ತಂದಿರಲಿಲ್ಲ. ಮಾದಜ್ಜಿ ತನ್ನ ಬುಟ್ಟಿಯಿಂದ ಎರಡು ನಿಂಬೆಹಣ್ಣು ತೆಗೆದು ಚಿಕ್ಕಬಸಮ್ಮನ ಮಡಿಲಿಗೆ ಹಾಕಿದಳು. ಹಾಕಿದ ಕೈ ಅಲ್ಲೇ ತಡೆಯಿತು.

“ಅಲ್ಲ, ಇದು ಆಸಾಡ ಅಲ್ವಾ?”

ನಗುತ್ತಿದ್ದವರ ಕಣ್ಣುಗಳೆಲ್ಲ ಚಿಕ್ಕಬಸಮ್ಮನ ಮೇಲೆ ನೆಟ್ಟವು. ಹೊಸ ಮದುವೆಯ ಹುಡುಗಿ ಆಷಾಢದಲ್ಲಿ ತವರಿನಲ್ಲಿರಬೇಕು. ಗಂಡ ಅತ್ತ ತಲೆ ಹಾಕಬಾರದು, ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಬಾರದು. ಇದನ್ನು ಆ ಬಸ್ಸಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅತ್ತೆಮನೆ ಯಾವೂರಮ್ಮಿ?”

“ತೆರಕಣಾಂಬಿ” ಎಂದಳು ಚಿಕ್ಕಬಸಮ್ಮ. ಈ ಸಲ ನಿಜ ತಾನಾಗಿ ಬಾಯಿಗೆ ಬಂತು.

“ಶಿವನೇ!” ಎಂದ ಚಿಕ್ಕಮಲ್ಲಪ್ಪ. “ಬಸ್ಸು ತೆರಕಣಾಂಬಿ ಮ್ಯಾಲೇ ತಾನೆ ಓಗದು!”

ಅದು ಅವಳಿಗೆ ಗೊತ್ತಿರಲಿಲ್ಲವೇ? ಚಿಕ್ಕಮ್ಮನ ಹೆಸರಿನಲ್ಲಿ ಅವನು ಬರೆಸಿದ ಕಾಗದ ಅಪ್ಪನಿಗೆ ಬಂದ ದಿನದಿಂದ ಅವಳು ಈ ದಾರಿಯ ಲೆಕ್ಕವನ್ನೇ ಹಾಕುತ್ತಿದ್ದಳು. ಆದರೂ ಬಂದಳು. ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಅವಳಿದ್ದದ್ದು ಒಂಬತ್ತು ದಿನ, ತುಂಬಿದ ಮನೆಯಲ್ಲಿ ಅವನೊಡನೆ ಆಡಿದ್ದು ಹತ್ತು ಮಾತು ಇದ್ದೀತು. ಯಾರೂ ಗುರುತು ಹಿಡಿಯದ ಊರಿನಲ್ಲಿ ಎರಡು ದಿನ ಅವನ ಪಕ್ಕದಲ್ಲಿ ನಡೆಯಬೇಕು ಎಂಬ ಆಸೆ ಅವಳಿಗೆ ಹಸಿವಿನಷ್ಟೇ ನಿಜವಾಗಿತ್ತು. ‘ಆಷಾಢ ಗೀಷಾಢ ಎಲ್ಲ ಮೂಢನಂಬಿಕೆ’ ಎಂದು ಅವನು ಅವಳಿಗೊಬ್ಬಳಿಗೇ ಗುಟ್ಟಾಗಿ ಕಳಿಸಿದ ಇನ್ನೊಂದು ಕಾಗದದ ಕೊನೆಯಲ್ಲಿ ಬರೆದಿದ್ದ. ಮೂಢನಂಬಿಕೆ ಎಂದು ಬರೆಯುವುದು ಸುಲಭ. ಅವನ ಅಣ್ಣ ಶಿವಣ್ಣ ಮದುವೆಯಾದ ಮೊದಲ ಆಷಾಢದಲ್ಲೇ ಹೆಂಡತಿಯನ್ನು ನೋಡಿ ಬರುತ್ತೇನೆಂದು ಕದ್ದು ಹೋಗಿ, ಹಿಂತಿರುಗುವ ದಾರಿಯ ಬದುವಿನ ಮೇಲೆ ಹಾವು ಕಡಿದು ಸತ್ತಿದ್ದ. ಅಂದಿನಿಂದ ಅತ್ತೆ ದೊಡ್ಡಮಲ್ಲಮ್ಮ ಆ ಹಿರಿಯ ಸೊಸೆಯ ಹೆಸರೆತ್ತಿಲ್ಲ. ಆ ಹುಡುಗಿ ತವರಿನಲ್ಲೇ ಉಳಿದಿದ್ದಾಳೆ.

ಈಗ ಚಿಕ್ಕಬಸಮ್ಮನಿಗೆ ಎರಡು ಹೆದರಿಕೆ. ಅತ್ತೆಗೆ ತಿಳಿದರೆ ತನಗೂ ಆ ಮನೆಯ ಬಾಗಿಲು ಮುಚ್ಚೀತು ಎಂಬುದು ಒಂದು. ಇನ್ನೊಂದನ್ನು ಅವಳು ಮನಸ್ಸಿನೊಳಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅವನು ಇದ್ದಾನೆಯೇ ಎಂದು ತಿರುಗಿ ನೋಡುತ್ತಿದ್ದಳು.

“ಇರ್ಲಿ ಬುಡಜ್ಜಿ, ತೆರಕಣಾಂಬಿ ದಾಟೋ ಗಂಟ ಸೆರಗ ಮುಖಕ್ಕೆ ಎಳ್ಕಂಡು ಕುಂತಿರ್ಲಿ” ಎಂದ ರಂಗನಾಯಕ. “ಎರಡೇ ನಿಮಿಷ ನಿಲ್ಸದು ನಾವು.”

ಊರಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಗುರುಪಾದಸ್ವಾಮಿ ಸೀಟಿನಿಂದ ಅರ್ಧ ಎದ್ದ.

“ನಮ್ಮವ್ವ” ಎಂದ.

ಮುಂದೆ ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಒಂಟಿಯಾಗಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬುತ್ತಿಯ ಗಂಟು, ಹೆಗಲ ಮೇಲೆ ಮಡಿಸಿದ ಕರಿಯ ಕಂಬಳಿ. ಆಷಾಢದ ಗಾಳಿಗೆ ಅವಳ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಶನಿವಾರ ಅರ್ಧ ದಿನದ ಸ್ಕೂಲು, ಮಗ ರೂಮಿನಲ್ಲಿ ಸಿಗುತ್ತಾನೆ ಎಂಬ ಲೆಕ್ಕದಲ್ಲಿ ಗುಂಡ್ಲುಪೇಟೆಗೆ ಹೊರಟಿದ್ದಾಳೆ ಎಂಬುದು ಅವನಿಗೆ ಕೂಡಲೇ ಗೊತ್ತಾಯಿತು.

ಇದುವರೆಗೆ ಇಬ್ಬರನ್ನೂ ಹುರಿದು ಮುಕ್ಕುತ್ತಿದ್ದ ಬಸ್ಸು ಆ ಗಳಿಗೆಯಲ್ಲಿ ಪಕ್ಷ ಬದಲಾಯಿಸಿತು. ರಂಗನಾಯಕ ಸೀಟಿ ಊದಿ, ಅಲ್ಲಿ ಯಾವತ್ತೂ ನಿಲ್ಲದ ಬಸ್ಸನ್ನು ಕೊಟ್ಟಿಗೆಯೊಂದರ ಮರೆಯಲ್ಲಿ ನಿಲ್ಲಿಸಿದ. “ಮ್ಯಾಕೆ ಹತ್ತಿ ಮೇಷ್ಟ್ರೇ, ಬಿರ್ರನೆ! ಟಾರ್ಪಾಲು ಹೊದ್ಕಂಡು ಮಲೀಕಳಿ.” ಹಿಂದಿನ ಕಬ್ಬಿಣದ ಏಣಿಯ ಮೇಲೆ ಅವನ ಬೂಟಿನ ಸದ್ದಾಯಿತು: ಟಣ್, ಟಣ್, ಟಣ್. ಅವನ ಟ್ರಂಕನ್ನು ಚಿಕ್ಕಮಲ್ಲಪ್ಪ ಎಲೆಬುಟ್ಟಿಯ ಹಿಂದಕ್ಕೆ ತಳ್ಳಿದ, ಉಣ್ಣೆಯ ಕೋಟನ್ನು ತಾನೇ ತೊಟ್ಟು ಕೂತ. ಮಾದಜ್ಜಿ ಚಿಕ್ಕಬಸಮ್ಮನನ್ನು ಬೆಂಚಿನ ಮೇಲೆ ಉದ್ದಕ್ಕೆ ಎಳೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸೆರಗನ್ನು ಅವಳ ಮುಖಕ್ಕೆ ಮುಚ್ಚಿದಳು.

“ನೀನು ನನ್ ಮೊಮ್ಮಗಳು. ನಿಂಗೆ ಜರ. ಉಸ್ರು ಅನ್ಬ್ಯಾಡ.”

ಬಸ್ಸು ಹುಣಸೆಮರಕ್ಕೆ ಬಂದು ನಿಂತಿತು. ಹತ್ತಿದ ಕಾಲುಗಳು ಎದುರಿನ ಬೆಂಚಿನ ಬಳಿ ಬಂದವು. ಸೆರಗಿನಡಿಯಿಂದ ಚಿಕ್ಕಬಸಮ್ಮನಿಗೆ ಕಾಣುತ್ತಿದ್ದದ್ದು ಆ ಎರಡು ಕಾಲುಗಳಷ್ಟೇ, ಹಿಮ್ಮಡಿ ಒಡೆದ, ಒಂಬತ್ತು ದಿನ ಬೆಳಗೆದ್ದು ತಾನು ಮುಟ್ಟಿ ನಮಸ್ಕರಿಸಿದ್ದ ಕಾಲುಗಳು.

“ಮಗಿಗೆ ಏನವ್ವ?”

“ಜರ ಕಣವ್ವ. ಬೆಳಕ ಕಂಡ್ರೆ ಆಗದಿಲ್ಲ. ಗುಂಡ್ಲುಪೇಟೆ ಡಾಕುಟ್ರಿಗೆ ತೋರಿಸ್ಕ ಬರನ ಅಂತ.”

“ಒಳ್ಳೇದಾಗ್ಲಿ ಬುಡು. ನನ್ ಮಗನೂ ಅಲ್ಲೇ ಮೇಷ್ಟ್ರು. ಒಬ್ನೇ ಇದ್ದಾನ. ಈ ಗಾಳೀಲಿ ಏನ್ ಹೊದ್ಕಂಡನೋ, ಏನ್ ಉಂಡನೋ. ಕಂಬಳಿ ಕೊಟ್ಟು, ಮುಖ ನೋಡ್ಕಂಡು ಬತ್ತೀನಿ.” ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟ ಸದ್ದಾಯಿತು. “ಆಸಾಡ ಮುಗಿಯೋ ಗಂಟ ನನ್ ಜೀವದಲ್ಲಿ ಜೀವ ಇಲ್ಲ ಕಣವ್ವ. ಹಿರಿಯವನ ಇಂತದೇ ಆಸಾಡದಲ್ಲಿ ಮಣ್ಣಿಗಿಟ್ಟೆ.”

ಚಿಕ್ಕಬಸಮ್ಮನ ತಲೆಯ ಮೇಲಿದ್ದ ಮಾದಜ್ಜಿಯ ಕೈ ಭಾರವಾಯಿತು.

ಬಸ್ಸು ಊರು ದಾಟಿ ಬಯಲಿಗೆ ಬಿತ್ತು. ಗಾಳಿ ಅಡ್ಡಡ್ಡವಾಗಿ ಬಡಿಯತೊಡಗಿತು. ಕಿಟಕಿಯ ಪರದೆಗಳು ಪಟಪಟ ಹೊಡೆದುಕೊಂಡವು. ಮೇಲೆ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡಿರಬೇಕು, ಚಾವಣಿಯ ತಗಡನ್ನು ಬಡಿಯುತ್ತಿತ್ತು. ತಿರುವು ಬಂದಾಗ ಬಸ್ಸು ವಾಲಿತು, ಮೇಲೆ ಏನೋ ಜಾರಿದ ಸದ್ದಾಯಿತು. ಚಿಕ್ಕಬಸಮ್ಮ ಹಲ್ಲು ಕಚ್ಚಿದಳು. ಶಿವನೇ, ಬೇಡ, ಊಟಿ ಬೇಡ, ಏನೂ ಬೇಡ, ಮೇಲಿರುವ ಇವರೊಬ್ಬರು ಕ್ಷೇಮವಾಗಿ ಕೆಳಗಿಳಿದರೆ ಸಾಕು. ಆಷಾಢದ ಕಟ್ಟು ಮೀರಿ ಒಬ್ಬರು ಸತ್ತ ಮನೆಯಲ್ಲಿ ಎರಡನೆಯ ಸಾವಿಗೆ ತಾನು ಕಾರಣವಾಗುತ್ತೇನೆ ಎಂದು ಅವಳ ಮೈಯೆಲ್ಲ ನಡುಗಿತು. ಜ್ವರವೆಂದು ಸುಳ್ಳು ಹೇಳಬೇಕಾಗಿರಲಿಲ್ಲ.

ಎದುರಿನ ಬೆಂಚಿನಲ್ಲಿ ಅತ್ತೆ ಮಾತಾಡುತ್ತಲೇ ಇದ್ದಳು. “ಹೊಸ ಸೊಸೆ ಒಳ್ಳೇ ಹುಡುಗಿ. ಬದನಗುಪ್ಪೆಯೋಳು. ಅವಳ ಕಾಲುಂಗರ ಮಾಡಿಸುವಾಗ ನಾನೇ ಅಕ್ಕಸಾಲಿ ಮುಂದೆ ಎರಡು ದಿನ ಕುಂತಿದ್ದಿ. ಬಿಲ್ವಪತ್ರೆ ತರ ಮೂರೆಸಳು ಇಡಪ್ಪ, ಇನ್ಯಾರ ಕಾಲಲ್ಲೂ ಅಂತದು…”

ಮಾತು ಅಲ್ಲಿಗೆ ನಿಂತಿತು.

ಚಿಕ್ಕಬಸಮ್ಮನಿಗೆ ತನ್ನ ಕಾಲುಗಳ ನೆನಪು ಆಗ ಬಂತು. ಸೆರಗು ಮುಚ್ಚಿದ್ದು ಮುಖವನ್ನು. ಬೆಂಚಿನ ಆ ತುದಿಯಲ್ಲಿ ಪಾದಗಳೆರಡೂ ಬೆಳಕಿಗೆ ಚಾಚಿಕೊಂಡಿದ್ದವು. ಈಗ ಎಳೆದುಕೊಂಡರೆ ಗುಟ್ಟನ್ನು ತಾನೇ ಬಿಟ್ಟುಕೊಟ್ಟ ಹಾಗೆ ಎಂದು ಹಾಗೇ ಬಿಟ್ಟಳು.

ಚಿಕ್ಕಮಲ್ಲಪ್ಪ ಎಲೆಗಳ ಮೇಲೆ ನೀರು ಚಿಮುಕಿಸುತ್ತ, ಚಿಮುಕಿಸಿದ ಎಲೆಗೇ ಮತ್ತೆ ಚಿಮುಕಿಸಿದ. ಎದುರಿನ ಒಡಕು ಹಿಮ್ಮಡಿಗಳು ಅಲುಗಲಿಲ್ಲ. ಮೇಲೆ ತಗಡಿನ ಮೇಲೆ ಬೂಟು ತಾಗಿದ ಸದ್ದು ಮತ್ತೊಮ್ಮೆ ಆಯಿತು. ಆ ಹಿಮ್ಮಡಿಗಳು ನೆಲದಿಂದ ಮೇಲೆದ್ದು, ಮೆಲ್ಲಗೆ ಇಳಿದವು.

“ಕಂಡಕ್ಟ್ರಪ್ಪ” ಎಂದಳು ದೊಡ್ಡಮಲ್ಲಮ್ಮ. “ಬಸ್ಸ ನಿಲ್ಸು. ಒಲೆ ಮ್ಯಾಲೆ ಹಾಲಿಟ್ಟು ಬಂದ್ಬುಟ್ಟೆ. ನಾ ವಾಪಸ್ ಓಯ್ತೀನಿ.”

ರಂಗನಾಯಕ ಸೀಟಿ ಊದಿದ. ಬಯಲಿನ ನಡುವೆ ಬಸ್ಸು ನಿಂತಿತು. ಅವಳು ಎದ್ದಳು. ಮುಖವನ್ನು ಆ ಬೆಂಚಿನ ಕಡೆ ತಿರುಗಿಸಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಹೆಗಲ ಮೇಲಿದ್ದ ಕಂಬಳಿಯನ್ನು ಬಿಚ್ಚಿ, ಕೈಯಿಂದಲೇ ತಡವಿ ನೋಡಿ, ಆ ಪಾದಗಳ ಮೇಲೆ ಹೊದಿಸಿ ಅಂಚನ್ನು ಒತ್ತಿದಳು. ಬುತ್ತಿಯ ಗಂಟನ್ನು ಮಾದಜ್ಜಿಯ ಪಕ್ಕಕ್ಕೆ ಸರಿಸಿದಳು.

“ಚಳಿಲಿ ಕಾಲು ಬೆಚ್ಚಗಿರ್ಬೇಕು ಕಣವ್ವ. ಇಬ್ರಿಗೂ ಸಾಕಾಯ್ತದ, ದೊಡ್ಡ ಕಂಬಳಿ.”

ಬಾಗಿಲಿನಲ್ಲಿ ಇಳಿಯುವಾಗ ರಂಗನಾಯಕನ ಹತ್ತಿರ ಒಂದು ಗಳಿಗೆ ನಿಂತಳು.

“ಮ್ಯಾಗಡೆ ಏನಾರ ಹಾಕಿದ್ರೆ ಕೆಳಕ್ಕೆ ಇಳಿಸ್ಕಳಪ್ಪ. ಗಾಳಿ ಜಾಸ್ತಿ ಅದ. ಡ್ರೈವರ್ಗೂ ಹೇಳು, ನಿಧಾನ್ಕೆ ಓಗ್ಲಿ.”

ಮಾದಜ್ಜಿ ಸೆರಗು ತೆಗೆದಳು. ಚಿಕ್ಕಬಸಮ್ಮ ಎದ್ದು ಕೂತಳು, ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು. ಹಿಂದಿನ ಕಿಟಕಿಯಲ್ಲಿ ರಸ್ತೆ ನೇರವಾಗಿ ತೆರಕಣಾಂಬಿಯ ಕಡೆಗೆ ಚಾಚಿಕೊಂಡಿತ್ತು. ಅತ್ತೆ ಹತ್ತು ಹೆಜ್ಜೆ ನಡೆದು, ಬಸ್ಸಿಗೆ ಬೆನ್ನು ಕೊಟ್ಟು ನಿಂತಿದ್ದಳು. ಗಾಳಿ ಅವಳ ತಲೆಯ ಮೇಲಿನ ಸೆರಗನ್ನು ಕಿತ್ತು ಹೆಗಲಿಗೆ ಹಾಕಿತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ, ತಿರುಗಲೂ ಇಲ್ಲ.

ಏಣಿಯ ಮೇಲೆ ಬೂಟಿನ ಸದ್ದಾಯಿತು. ಟಣ್. ಟಣ್. ಟಣ್. ಕೊನೆಗೆ ಮಣ್ಣಿನ ಮೇಲೆ ಎರಡೂ ಕಾಲು ಊರಿದ ಸದ್ದು.

ಆಗ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆಯತೊಡಗಿದಳು.