ಬೆಸುಗೆಯ ನಷ್ಟ

"ಧೂಳು ಕೂತಿರಬೇಕು ಅತ್ತಿಗೆ, ಕೇಬಲ್ ತುದಿ ಇನ್ನೊಂದ್ಸಲ ಒರೆಸಿ," ಅಂದ ಮೈದುನ.

ಅತ್ತಿಗೆ ಆಗಲೇ ಒರೆಸಿ ಆಗಿತ್ತು. ಕ್ಲಿನಿಕ್ಕಿನ ಮೂಲೆಯಲ್ಲಿ ಔಷಧಿ ಡಬ್ಬಗಳ ಮೇಲೆ ಕೂತ ಮೀಟರು ಮಾತ್ರ ಹಳೇ ರಾಗವನ್ನೇ ಎಳೆಯುತ್ತಿತ್ತು: ಬೆಳಕು ಬರುತ್ತಿದೆ, ಸಾಲದು.

ಇಂಟರ್ನೆಟ್ ಕೇಬಲ್ಲಿನ ಗಾಜಿನೆಳೆಯೊಳಗೆ ಹೊರಟ ಬೆಳಕು ದಾರಿಯುದ್ದಕ್ಕೂ ಸವೆಯುತ್ತದೆ. ಎಳೆಗೆ ಎಳೆ ಬೆಸೆದ ಕಡೆಯಲ್ಲೆಲ್ಲ ಇನ್ನಷ್ಟು ಸೋರುತ್ತದೆ. ಇಷ್ಟರ ಮೇಲೆ ಸೋರಬಾರದು ಅಂತ ಮಿತಿ ಹಾಕಿ, ಅದರೊಳಗೆ ಲೈನು ಎಲ್ಲಿವರೆಗೆ ಹೋಗಬಹುದು ಅಂತ ಮೊದಲೇ ಗೊತ್ತುಮಾಡುವುದು ಅತ್ತಿಗೆಯ ಕೆಲಸ. ಬೆಸೆಯುವುದು ಅವನದು. ಒಂದು ಬೆಸುಗೆಗೆ ಇಷ್ಟು ನಷ್ಟ ಅಂತ ಕಂಪನಿಯಲ್ಲಿ ಎಲ್ಲರಿಗೂ ಒಂದೇ ಲೆಕ್ಕ. ಆ ಲೆಕ್ಕ ಹಿಡಿದರೆ ಊರಂಚಿನ ಈ ಕ್ಲಿನಿಕ್ಕು ಮಿತಿಯಾಚೆ ಉಳಿಯುತ್ತಿತ್ತು.

"ಅದು ಕೈ ನಡುಗೋರ ಲೆಕ್ಕ. ನನಗೆ ಅದರಲ್ಲಿ ಅರ್ಧ ಹಾಕಿ ಸಾಕು," ಎಂದು ಊಟಕ್ಕೆ ಕೂತಾಗ ಎದೆ ತಟ್ಟಿಕೊಂಡಿದ್ದ. ಅಣ್ಣ ನಕ್ಕಿದ್ದ. ಅತ್ತಿಗೆ ನಗದೆ ಅವನು ಹೇಳಿದ ಅರ್ಧವನ್ನೇ ಹಾಕಿ, ಕ್ಲಿನಿಕ್ಕನ್ನು ಮಿತಿಯೊಳಗೆ ತಂದಿದ್ದಳು. ಮೇಲಿನವರ ಹತ್ತಿರ ಜಗಳ ಕಾದು ಒಪ್ಪಿಗೆಯನ್ನೂ ತಂದಿದ್ದಳು. ಈಗ ಲೈನು ಏಳದಿದ್ದರೆ ಕ್ಲಿನಿಕ್ಕಿಗೆ ಸಂಪರ್ಕವಿಲ್ಲ, ಅವಳ ಮಾತಿಗೆ ಆಫೀಸಿನಲ್ಲಿ ಕವಡೆ ಕಿಮ್ಮತ್ತಿಲ್ಲ.

ಅವನು ಕೇಬಲ್ಲನ್ನು ಬೈದ, ಎಳೆದವರನ್ನು ಬೈದ, ನೆಲ ಅಗೆದ ಕಂಟ್ರಾಕ್ಟರನ ವಂಶವನ್ನೇ ಜಾಲಾಡಿದ. ಅತ್ತಿಗೆ ಪರೀಕ್ಷೆ ಯಂತ್ರದ ಪರದೆಯನ್ನು ಅವನತ್ತ ತಿರುಗಿಸಿದಳು. ದಾರಿಯುದ್ದಕ್ಕೂ ಬೆಳಕಿನ ಸವೆತ ತೋರಿಸುತ್ತ ನಿಧಾನಕ್ಕೆ ಇಳಿಯುತ್ತಿದ್ದ ಗೆರೆ ಎರಡು ಕಡೆ ದೊಪ್ಪೆಂದು ಕುಸಿದಿತ್ತು. ಎರಡೂ ಅವನದೇ ಬೆಸುಗೆ.

ಅವನ ದನಿ ತಗ್ಗಿತು. "ಅವತ್ತು ಎಳೆ ಕತ್ತರಿಸೋ ಬ್ಲೇಡು ಮೊಂಡಾಗಿತ್ತು. ಹೊಸದು ಬರೋವರೆಗೂ ತಡಿ ಅಂದ್ರು ಜೊತೆಯವರು. ಸ್ಕೂಲು ಬಿಟ್ಟವನು ಅಂತ ಎಲ್ಲರೂ ನನಗೆ ಬುದ್ಧಿ ಹೇಳೋರೇ. ರೇಗಿತು, ಮಾಡಿಬಿಟ್ಟೆ."

"ನೀನು ಸ್ಕೂಲು ಬಿಟ್ಟಿದ್ದು ಬೆಳಕಿಗೆ ಗೊತ್ತಿಲ್ಲ ಕಣೋ. ಹೋಗು, ಕತ್ತರಿಸಿ ಮತ್ತೆ ಬೆಸಿ."

ರಸ್ತೆಬದಿಯ ಗುಂಡಿಗಳಿಗಿಳಿದು, ಹೊಸ ಬ್ಲೇಡಿನಲ್ಲಿ ತುದಿ ಕತ್ತರಿಸಿ, ಉಸಿರು ಬಿಗಿಹಿಡಿದು ಎರಡನ್ನೂ ಬೆಸೆದ. ವಾಪಸು ಬರುವಷ್ಟರಲ್ಲಿ ಮೀಟರು ಮಿತಿಯೊಳಗೆ ಬಂದಿತ್ತು, ಅಂಚಿನಿಂದ ಸ್ವಲ್ಪವೇ ಈಚೆ. ನರ್ಸು ಬಂದು, ಇನ್ನಾದರೂ ಮೀಟರಿನಡಿಯ ಔಷಧಿ ಡಬ್ಬ ತೆಗೆದುಕೊಳ್ಳಬಹುದಾ ಎಂದು ಕೇಳಿದಳು.

ಅತ್ತಿಗೆ ಭೇಷ್ ಅನ್ನಲಿಲ್ಲ. ಲ್ಯಾಪ್‌ಟಾಪು ತೆರೆದು, ಮುಂದಿನ ವಾರದ ಲೈನಿನ ನಕ್ಷೆ ತೆಗೆದಳು.

"ಇದಕ್ಕೆ ನಿನ್ನ ಲೆಕ್ಕ ಎಷ್ಟು ಹಾಕಲಿ?"

ಅವನು ಹೊಸ ಬ್ಲೇಡನ್ನು ಒರೆಸಿ ಚೀಲಕ್ಕೆ ಹಾಕಿದ. ಆಮೇಲೆ, "ಎಲ್ಲರದ್ದು ಎಷ್ಟೋ ಅಷ್ಟೇ ಹಾಕಿ ಅತ್ತಿಗೆ," ಅಂದ.

ಅವಳು ಹಾಕಿದಳು. ನಕ್ಷೆಯಲ್ಲಿ ಲೈನಿನ ಮಿತಿ ತೋರಿಸುವ ಹಸಿರು ಗೆರೆ ಹಿಂದಕ್ಕೆ ಸರಿಯಿತು. ಕೊನೆಯ ಓಣಿಯ ಮನೆಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು.