ಸೇಂಟ್ ಓಡಿಲಿಯಾ ಮೈದಾನ ಬಿಟ್ಟ ಭಾನುವಾರ

ಮೇಲ್ನದಿ ಕ್ಯಾಥೊಲಿಕ್ ಲೀಗ್ ಯಾಕೆ ಮುಚ್ಚಿಹೋಯಿತು ಎಂದು ನಮ್ಮ ಹಾಲ್ಬಾಕ್ ಊರಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ. ಪಾಠ ಹೇಳುವ ಸಿಸ್ಟರ್‌ಗಳು ಕಡಿಮೆಯಾದರು ಎನ್ನುವವರಿದ್ದಾರೆ. ಮನೆಗೆ ಹತ್ತು ಮಕ್ಕಳಿದ್ದ ಕಾಲ ಹೋಯಿತು, ಆಡುವುದಕ್ಕೆ ಹುಡುಗರು ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಆದರೆ ನಾನು ಅಂಚೆ ಕಚೇರಿಯೊಳಗೆ ಕಾಲಿಟ್ಟ ಕೂಡಲೇ ಈ ಮಾತೆಲ್ಲ ನಿಂತು, ಈ ಸಲದ ಜೋಳ ಹೇಗಿದೆ ಎಂಬ ವಿಚಾರ ಶುರುವಾಗುತ್ತದೆ. ಅವರ ಮನಸ್ಸಿನಲ್ಲಿರುವ ನಿಜವಾದ ಕಾರಣ ನಾನು.

ಲೀಗ್ ಕಟ್ಟಿದವರು ನಮ್ಮ ಪಾದ್ರಿಗಳು. ಸೋಮವಾರ ಸಂಜೆ ಇಸ್ಪೀಟಾಡಲು ಸೇರುತ್ತಿದ್ದ ಅವರಿಗೆ, ಸರ್ಕಾರಿ ಶಾಲೆಗಳು ನಮ್ಮ ಹುಡುಗರ ಜೊತೆ ಆಡುವುದಿಲ್ಲ ಎಂಬ ಸಿಟ್ಟು ಬಹಳ ದಿನಗಳಿಂದ ಇತ್ತು. ಪೋಪನ ಮಕ್ಕಳು ಎಂದು ಆಗ ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸರಿ, ನಮ್ಮದೇ ಒಂದು ಲೀಗ್ ಮಾಡಿಕೊಳ್ಳೋಣ ಎಂದು ನದಿಯ ಎರಡೂ ದಡದ ಎಂಟು ಶಾಲೆಗಳನ್ನು ಕೂಡಿಸಿದರು. ಮೈದಾನಗಳಿಗೆ ದೀಪ ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ, ಹಾಗಾಗಿ ಭಾನುವಾರ ಪೂಜೆ ಮುಗಿಸಿ ಮಧ್ಯಾಹ್ನ ಫುಟ್‌ಬಾಲ್ ಆಡುತ್ತಿದ್ದರು. ನಮ್ಮ ಕಡೆಯ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವುದಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಿಂದ ಎಸೆದು, ಹಿಡಿದವನನ್ನು ಗುದ್ದಿ ಕೆಡವುವ ಆಟ. ಮೊದಲನೆಯ ವರ್ಷವೇ ಒಂದು ಶಾಲೆ ರೆಫರಿಯ ಜೊತೆ ಜಗಳವಾಡಿ ಅರ್ಧ ಆಟದಲ್ಲಿ ಎದ್ದು ಹೋಯಿತು. ಪಾದ್ರಿಗಳು ಕೆಂಡವಾಗಿ ಒಂದು ನಿಯಮ ಮಾಡಿದರು. ಆಟದ ನಡುವೆ ಮೈದಾನ ಬಿಟ್ಟ ಶಾಲೆಗೆ ಮುಂದೆ ಲೀಗ್‌ನಲ್ಲಿ ಜಾಗವಿಲ್ಲ. ಹನ್ನೊಂದು ಜನ ನಿಲ್ಲಲಾಗದಿದ್ದರೂ ಬಿಟ್ಟಂತೆಯೇ ಲೆಕ್ಕ. ಆ ನಿಯಮ ಮಾಡಿದವರೆಲ್ಲ ಮಣ್ಣಾದರೂ ಅದನ್ನು ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಹೊತ್ತಿಗೆ ಎಂಟರಲ್ಲಿ ನಾಲ್ಕೇ ಶಾಲೆಗಳು ಉಳಿದಿದ್ದವು. ನಾಲ್ಕಕ್ಕಿಂತ ಕಡಿಮೆಯಾದರೆ ಅದನ್ನು ಲೀಗ್ ಎಂದೇ ರಾಜ್ಯದ ಕ್ರೀಡಾ ಮಂಡಳಿಯವರು ಒಪ್ಪುತ್ತಿರಲಿಲ್ಲ. ನಮ್ಮ ಸೇಂಟ್ ಓಡಿಲಿಯಾ ಆ ನಾಲ್ಕರಲ್ಲಿ ತೀರ ಬಡಕಲು. ನಾನು ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಬೇರೆ ಯಾರೂ ಒಪ್ಪಲಿಲ್ಲವೆಂದು ಕ್ರೀಡೆಯ ಉಸ್ತುವಾರಿಯನ್ನೂ ನನ್ನ ತಲೆಗೆ ಕಟ್ಟಿದ್ದರು. ತಂಡದ ಕೋಚ್ ನನ್ನ ಅಣ್ಣ ನಾರ್ಬರ್ಟ್ ವೋರ್ವಾಲ್ಡ್. ವಾರವೆಲ್ಲ ದನದ ಮೇವಿನ ಗಿರಣಿ, ಸಂಜೆ ಮೈದಾನ. ಚೆಂಡು ಎಸೆಯುವ ಮುಖ್ಯ ಆಟಗಾರ ಅವನ ಮಗ ಲಿಯಾಂಡರ್. ಆ ವರ್ಷ ನಮ್ಮಲ್ಲಿ ಇದ್ದದ್ದೇ ಹನ್ನೆರಡು ಹುಡುಗರು.

ಒಂದು ವಿಷಯದಲ್ಲಿ ಮಾತ್ರ ನಮಗೆ ಬಹಳ ಬೇಡಿಕೆ. ವರ್ಷಕ್ಕೊಮ್ಮೆ ಪ್ರತಿ ಶಾಲೆಯಲ್ಲೂ ಹೋಮ್‌ಕಮಿಂಗ್ ಹಬ್ಬ. ಹಳೆಯ ವಿದ್ಯಾರ್ಥಿಗಳೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಾರೆ, ಒಬ್ಬ ಹುಡುಗಿಯನ್ನು ರಾಣಿ ಮಾಡಿ ತೆರೆದ ಕಾರಿನಲ್ಲಿ ಮೆರೆಸುತ್ತಾರೆ. ಅಂಥ ದಿನ ಸೋಲುವುದುಂಟೇ? ಅದಕ್ಕೇ ಎಲ್ಲರೂ ತಮ್ಮ ಹಬ್ಬಕ್ಕೆ ನಮ್ಮನ್ನೇ ಕರೆಯುತ್ತಿದ್ದರು. ಕರೆದ ಶಾಲೆಯ ಹೆಂಗಸರು ಆಟಕ್ಕೆ ಮೊದಲು ನಮ್ಮ ಹುಡುಗರಿಗೆ ಹಣ್ಣು ತುಂಬಿ ಬೇಯಿಸಿದ ಸಿಹಿ ಪೈ ಬಡಿಸಬೇಕು ಎಂಬುದೂ ಲೀಗಿನ ಸಂಪ್ರದಾಯ. ಸೋತವರಿಗೆ ಮೊದಲೇ ಕೊಡುವ ಸಮಾಧಾನ ಅದು ಎಂದು ಹೊರಗಿನವರು ನಗುತ್ತಿದ್ದರು. ನಮ್ಮ ಹುಡುಗರು ಅದನ್ನು ಬೇರೆ ರೀತಿ ಹೇಳುತ್ತಿದ್ದರು: ಓಡುವುದಕ್ಕಾಗದ ಹಾಗೆ ಹೊಟ್ಟೆ ತುಂಬಿಸುವ ಉಪಾಯವಂತೆ.

ಅಕ್ಟೋಬರಿನ ಆ ಭಾನುವಾರ ಸೇಂಟ್ ಬೋನಿಫಾಸ್ ಶಾಲೆಯವರ ಹಬ್ಬ. ಉಡುಪು ಬದಲಿಸುವ ಕೋಣೆಯನ್ನು ಹಳೆಯ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು, ನಮ್ಮನ್ನು ಶಿಶುವಿಹಾರದ ಕೋಣೆಗೆ ತಳ್ಳಿದ್ದರು. ಮೊಣಕಾಲೆತ್ತರದ ಕುರ್ಚಿಗಳ ಮೇಲೆ ನಮ್ಮ ಹುಡುಗರು ಮುದುರಿ ಕೂತು ಪೈ ತಿಂದರು.

ಅವತ್ತು ಏನಾಯಿತೋ, ಲಿಯಾಂಡರ್ ಎಸೆದ ಚೆಂಡೆಲ್ಲ ಹೋಗಬೇಕಾದ ಕೈಗೇ ಹೋಯಿತು. ವಿರಾಮಕ್ಕೆ ಸ್ವಲ್ಪ ಮೊದಲು ನಾವು ಮುಂದಿದ್ದೆವು. ಒಬ್ಬ ಹುಡುಗ ಮಣಿಕಟ್ಟು ಮುರಿದುಕೊಂಡು ಆಚೆ ಕೂತಿದ್ದರಿಂದ ಉಳಿದವರು ಸರಿಯಾಗಿ ಹನ್ನೊಂದು. ನನ್ನ ಕೈಯಲ್ಲಿದ್ದ ಜಪಮಣಿ ಬೆವರಿಗೆ ಜಾರುತ್ತಿತ್ತು. ಅಷ್ಟರಲ್ಲಿ ಇಬ್ಬರು ಎರಡು ಕಡೆಯಿಂದ ಬಂದು ಲಿಯಾಂಡರ್‌ಗೆ ಗುದ್ದಿದರು. ಹಿಂದಕ್ಕೆ ಬಿದ್ದ ಅವನ ಹೆಲ್ಮೆಟ್ ನೆಲಕ್ಕೆ ಬಡಿದ ಸದ್ದು ನನಗೆ ಬೆಂಚಿನವರೆಗೂ ಕೇಳಿಸಿತು. ಅವನು ಎದ್ದ. ಜನ ಚಪ್ಪಾಳೆ ತಟ್ಟಿದರು. ಎದ್ದವನು ಎದುರಾಳಿಗಳ ಗುಂಪಿಗೆ ಹೋಗಿ ನಿಂತ. ಅವರೇ ಅವನ ಭುಜ ಹಿಡಿದು ನಮ್ಮ ಕಡೆಗೆ ತಿರುಗಿಸಿ ಕಳಿಸಿದರು.

ವಿರಾಮದಲ್ಲಿ ನಾನು ಶಿಶುವಿಹಾರದ ಕೋಣೆಗೆ ಹೋದೆ. ಲಿಯಾಂಡರ್ ಪುಟ್ಟ ಕುರ್ಚಿಯೊಂದರ ಮೇಲೆ ಕೈ ಕಟ್ಟಿಕೊಂಡು ಕೂತಿದ್ದ.

"ಎಲ್ಲಿದ್ದೀಯ ಹೇಳು ಕಂದ," ಎಂದೆ.

ಅವನು ಸುತ್ತ ನೋಡಿದ. "ಸಿಸ್ಟರ್ ಕ್ಲಾರಿಸಾ ಕ್ಲಾಸಲ್ಲಿ, ಅತ್ತೆ."

ಹುಡುಗರೆಲ್ಲ ಹೋ ಎಂದು ನಕ್ಕರು. ನಾರ್ಬರ್ಟ್ ಕೂಡ ನಕ್ಕ. "ನೋಡಿದ್ಯಾ, ಇಷ್ಟು ಹೊಡೆತ ತಿಂದ್ರೂ ತಮಾಷೆ ಬಿಟ್ಟಿಲ್ಲ ನನ್ನ ಮಗ." ಸಿಸ್ಟರ್ ಕ್ಲಾರಿಸಾ ನಮ್ಮ ಶಾಲೆಯ ಶಿಶುವಿಹಾರದಲ್ಲಿ ಇವನಿಗೆ ಅಕ್ಷರ ಕಲಿಸಿದವರು. ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಲಿಯಾಂಡರ್ ಮಾತ್ರ ನಗುತ್ತಿರಲಿಲ್ಲ. ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದ.

ಆಮೇಲೆ ಎದ್ದು ಹೋಗಿ ಬಾಗಿಲ ಹೊರಗೆ ವಾಂತಿ ಮಾಡಿಕೊಂಡ.

"ಪೈ ಕೆಲಸ ತೋರಿಸ್ತು," ಎಂದ ಯಾರೋ. ಮತ್ತೆ ನಗು. "ಬೋನಿಫಾಸ್ ಹೆಂಗಸ್ರು ಗೆದ್ರು ಬಿಡಪ್ಪ."

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಸಮಾಧಾನವೇ ಆಯಿತು. ಪೈ ಅಂದರೆ ಪೈ. ಇಷ್ಟು ವರ್ಷ ಆ ಪೈ ತಿಂದು ಹೊಟ್ಟೆ ಹಿಡಿದುಕೊಂಡ ಎಷ್ಟು ಮಂದಿಯನ್ನು ನೋಡಿಲ್ಲ ನಾನು? ಒಂದು ಲೋಟ ನೀರು ತರಲು ಹೊರಟವಳು, ದಾರಿಯಲ್ಲಿ ಕ್ಲೆಟಸ್ ರೆಕರ್‌ನನ್ನು ತಡೆದು ಗದರಿದೆ. ಅವನು ನಮ್ಮ ತಂಡದ ದಢೂತಿ.

"ಅವನಿಗೆ ಅಷ್ಟೊಂದು ತಿನ್ನೋಕೆ ಯಾಕ್ರೋ ಬಿಟ್ರಿ?"

"ಅವನೆಲ್ಲಿ ತಿಂದ, ಮಿಸ್? ಅವನ ಪಾಲೂ ನಾನೇ ತಿಂದಿದ್ದು," ಎಂದ ಕ್ಲೆಟಸ್ ತಲೆ ತಗ್ಗಿಸಿ. "ಆಟಕ್ಕೆ ಮುಂಚೆ ಅವನು ನೀರು ಬಿಟ್ರೆ ಏನೂ ಮುಟ್ಟಲ್ಲ."

ನಾನು ನೀರಿನ ಲೋಟವನ್ನು ಅಲ್ಲೇ ಕಿಟಕಿಯ ಮೇಲಿಟ್ಟು ನಾರ್ಬರ್ಟ್‌ನನ್ನು ಮೂಲೆಗೆ ಕರೆದೆ.

"ಅಣ್ಣ, ಅವನನ್ನ ಇನ್ನು ಆಡಿಸ್ಬೇಡ. ಅವನು ಪೈ ಮುಟ್ಟೇ ಇಲ್ಲ."

"ತಲೆ ಸ್ವಲ್ಪ ಗಿರ್ ಅಂದಿರುತ್ತೆ. ನನಗೆ ಎಷ್ಟು ಸಲ ಹಾಗಾಗಿಲ್ಲ? ಸತ್ತೆನಾ ನಾನು?"

"ಸಿಸ್ಟರ್ ಕ್ಲಾರಿಸಾ ಕ್ಲಾಸು ಅಂದ್ನಲ್ಲ, ಅದು ತಮಾಷೆ ಅಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ ನಿನಗೆ?"

ಅವನು ಮಗನ ಮುಂದೆ ಎರಡು ಬೆರಳು ಹಿಡಿದು ಎಷ್ಟು ಎಂದು ಕೇಳಿದ. ಲಿಯಾಂಡರ್ ಎರಡು ಎಂದ. ನಾರ್ಬರ್ಟ್ ನನ್ನ ಕಡೆ ತಿರುಗಿ, "ಆಯ್ತಾ?" ಎಂದ. ಆಮೇಲೆ ದನಿ ತಗ್ಗಿಸಿದ. "ವೆರೀನಾ, ಅವನು ಕೂತ್ರೆ ಹತ್ತು ಜನ. ಹತ್ತು ಜನ ಅಂದ್ರೆ ಏನು ಅಂತ ನಿನಗೆ ನಾನು ಹೇಳ್ಕೊಡ್ಬೇಕಾ? ನಾವು ಹೋಗ್ತೀವಿ, ನಮ್ಮ ಹಿಂದೆ ಲೀಗೂ ಹೋಗುತ್ತೆ. ಲೀಗ್ ಇಲ್ದೇ ಇದ್ರೆ ನಮ್ಮ ಶಾಲೆಗೆ ಯಾರು ಮಕ್ಕಳನ್ನ ಕಳಿಸ್ತಾರೆ? ಇನ್ನರ್ಧ ಆಟ ಕಣೇ. ಅವನು ಚೆಂಡು ಎಸೆಯೋದೂ ಬೇಡ, ಸುಮ್ನೆ ನಿಂತಿರ್ಲಿ."

ಸುಮ್ಮನೆ ನಿಂತವನನ್ನು ಸುಮ್ಮನೆ ಬಿಡುವ ಆಟವೇ ಅದು? ನನಗೆ ಖಾತ್ರಿ ಇತ್ತು ಎಂದು ಹೇಳಲಾರೆ. ನಾನೇನು ಡಾಕ್ಟರಲ್ಲ. ಅಣ್ಣ ಹೇಳುವುದೇ ಸರಿಯಿದ್ದರೆ, ಒಂದು ವಾಂತಿಯ ಹೆದರಿಕೆಗೆ ನಾಲ್ಕು ಊರಿನ ಶಾಲೆಗಳ ಮೇಲೆ ಮಣ್ಣು ಹಾಕಿದವಳಾಗುತ್ತೇನೆ. ಮತ್ತೆ ಲಿಯಾಂಡರ್ ಕಡೆ ನೋಡಿದೆ. ಅವನು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಬೆರಳಿಗೆ ಕೊಕ್ಕೆ ಸಿಗುತ್ತಿರಲಿಲ್ಲ. ಚಿಕ್ಕಂದಿನಿಂದ ಮಾಡುತ್ತ ಬಂದ ಕೆಲಸವದು ಅವನಿಗೆ.

ಹೊರಗೆ ಬ್ಯಾಂಡು ಬಾರಿಸುತ್ತಿದ್ದರು. ಅವರ ರಾಣಿ ತೆರೆದ ಕಾರಿನಲ್ಲಿ ಕೂತು ಕೈ ಬೀಸುತ್ತಿದ್ದಳು. ನಾನು ಆ ಕಾರಿಗೆ ಅಡ್ಡವಾಗಿ ಮೈದಾನ ದಾಟಿ ರೆಫರಿಯ ಹತ್ತಿರ ಹೋದೆ. ಜನ ಬೈಯುತ್ತಿದ್ದದ್ದು ಕೇಳಿಸುತ್ತಿತ್ತು.

"ನಮ್ಮ ಹತ್ರ ಹತ್ತೇ ಜನ ಇರೋದು. ನಾವು ಹೊರಡ್ತೀವಿ," ಎಂದೆ.

ಅವರು ಬಾಯಲ್ಲಿದ್ದ ಸೀಟಿ ತೆಗೆದರು. "ನಿಯಮ ಗೊತ್ತಿದೆ ತಾನೇ, ಮಿಸ್ ವೋರ್ವಾಲ್ಡ್?"

"ಗೊತ್ತು."

ಬೋನಿಫಾಸ್‌ನ ಪಾದ್ರಿ, ಮುದುಕರು, ನಿಲುವಂಗಿ ಎತ್ತಿಕೊಂಡು ಓಡಿ ಬಂದರು. "ಏನಮ್ಮಾ ಇದು? ಒಂದು ಗಳಿಗೆ ಕೂತು ಯೋಚ್ನೆ ಮಾಡು. ಬೇಕಿದ್ರೆ ನಮ್ಮ ಹುಡುಗರಿಗೆ ಅವನನ್ನ ಮುಟ್ಬೇಡಿ ಅಂತ ಹೇಳ್ತೀನಿ."

"ನೆಲಕ್ಕೂ ಹೇಳ್ತೀರಾ, ಫಾದರ್?"

ಪಾದ್ರಿಗೆ ಹಾಗೆ ಎದುರಾಡಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಧ್ವನಿವರ್ಧಕದಲ್ಲಿ ವಿಷಯ ಹೇಳಿದಾಗ ಬೋನಿಫಾಸ್‌ನವರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವರಿಗೂ ಲೀಗ್ ಹೋಯಿತೆಂದು ಗೊತ್ತಿತ್ತು.

ಅತ್ತಿಗೆ ಹೆತ್ತು ಮಲಗಿದ್ದರಿಂದ ಆಟಕ್ಕೆ ಬಂದಿರಲಿಲ್ಲ. ಆಸ್ಪತ್ರೆ ಇದ್ದದ್ದು ದೂರದ ಪಟ್ಟಣದಲ್ಲಿ. ನಾರ್ಬರ್ಟ್ ಕಾರು ಓಡಿಸಿದ, ಹಿಂದಿನ ಸೀಟಿನಲ್ಲಿ ಲಿಯಾಂಡರ್‌ನ ತಲೆ ನನ್ನ ಭುಜದ ಮೇಲಿತ್ತು. ದಾರಿಯ ಎರಡೂ ಕಡೆ ಒಣಗಿದ ಜೋಳ.

"ಸಮಾಧಾನ ಆಯ್ತಾ ನಿನಗೆ?" ಎಂದ ನಾರ್ಬರ್ಟ್, ತಿರುಗಿ ನೋಡದೆ. "ಡಾಕ್ಟ್ರು ಒಂದು ಮಾತ್ರೆ ಕೊಟ್ಟು ಮನೆಗೆ ಕಳಿಸ್ಲಿ, ಆಗ ಮಾತಾಡ್ತೀನಿ ನಿನ್ ಹತ್ರ. ಊರಲ್ಲಿ ಹೇಗೆ ಮುಖ ಎತ್ಕೊಂಡು ತಿರುಗ್ತೀಯೋ ನೋಡ್ತೀನಿ."

ಡಾಕ್ಟರು ಹಾಗೆಯೇ ಕಳಿಸಲಿ ದೇವರೇ, ನಾನು ಮೂರ್ಖಳಾದರೂ ಪರವಾಗಿಲ್ಲ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ.

ಹುಡುಗ ಬದುಕಿದ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೆಲವು ದಿನ ಆಸ್ಪತ್ರೆಯಲ್ಲಿದ್ದು, ತಿಂಗಳೊಳಗೆ ಸೈಕಲ್ ಹೊಡೆದುಕೊಂಡು ತಿರುಗಾಡಿದ. ಅದನ್ನು ನೋಡಿಯೇ ಊರಿನವರು, ಇಷ್ಟಕ್ಕಾ ನೀನು ಲೀಗ್ ಮುಳುಗಿಸಿದ್ದು ಎಂದು ನನ್ನನ್ನು ಕೇಳತೊಡಗಿದರು. ಕ್ರಿಸ್ಮಸ್ಸಿಗೆ ಮೊದಲೇ ಉಳಿದ ಮೂರು ಶಾಲೆಗಳವರು ಸೇರಿ ಲೀಗನ್ನು ಮುಚ್ಚಿದರು. ಆದರೆ ಅವತ್ತು ಕಾರಿನಲ್ಲಿ ಕೂತಿದ್ದ ನಮಗೆ ಹುಡುಗನ ಗತಿ ಏನೆಂದು ಗೊತ್ತಿರಲಿಲ್ಲ.

"ಅತ್ತೆ," ಎಂದ ಲಿಯಾಂಡರ್. "ಗೆದ್ವಾ?"

"ಇಲ್ಲ ಕಂದ. ನಿನಗೆ ಪೆಟ್ಟಾಯ್ತಲ್ಲ, ಆಟ ಬಿಟ್ಟು ಬಂದ್ವಿ."

"ಬಿಟ್ಟು ಬಂದ್ವಾ? ಹಾಗಾದ್ರೆ ಲೀಗು?"

"ಹೋಯ್ತು."

ಅವನು ಅಳತೊಡಗಿದ. ನನ್ನಿಂದಾಗಿ ಹೋಯಿತಾ, ಅತ್ತೆ, ನನ್ನಿಂದಾಗಿಯಾ ಎಂದು ಬಿಕ್ಕಿದ. ತಲೆ ಸವರುತ್ತ ಸಮಾಧಾನ ಮಾಡಿದೆ. ನಾರ್ಬರ್ಟ್ ಹಲ್ಲು ಕಚ್ಚಿಕೊಂಡು ಕಾರು ಓಡಿಸುತ್ತಿದ್ದ. ಒಂದು ಸೇತುವೆ ದಾಟಿದೆವು. ಹುಡುಗನ ಕಣ್ಣೀರು ಇನ್ನೂ ಆರಿರಲಿಲ್ಲ.

"ಅತ್ತೆ, ಗೆದ್ವಾ?"

ಅದೇ ದನಿ. ಆಗ ತಾನೇ ಮೈದಾನದಿಂದ ಎದ್ದು ಬಂದವನ ಹಾಗೆ. ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದೆ. ಅವನು ಮೊದಲ ಸಲ ಕೇಳಿದವನ ಹಾಗೆ ಬೆಚ್ಚಿಬಿದ್ದ. ಮತ್ತೆ ಅದೇ ಅಳು, ಅದೇ ಮಾತು, ನನ್ನಿಂದಾಗಿಯಾ ಅತ್ತೆ. ನಾರ್ಬರ್ಟ್ ಕನ್ನಡಿಯಲ್ಲಿ ಮಗನ ಮುಖ ನೋಡುತ್ತಿದ್ದ. ಅವನ ಕತ್ತಿನ ನರ ಉಬ್ಬಿತ್ತು.

ಅಳು ನಿಂತಿತು. ಲಿಯಾಂಡರ್ ಕಿಟಕಿಯಾಚೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಅತ್ತೆ, ಗೆದ್ವಾ?"

ನಾನು ಅವನ ಕೆನ್ನೆಯ ಮೇಲಿನ ಕಣ್ಣೀರು ಒರೆಸಿದೆ.

"ಗೆದ್ವಿ ಕಣೋ," ಎಂದ ನಾರ್ಬರ್ಟ್ ಮುಂದಿನ ಸೀಟಿನಿಂದ. "ಅವರ ಹಬ್ಬದಲ್ಲೇ ಅವರನ್ನ ಸೋಲಿಸಿ ಬಂದ್ವಿ ಮಗನೇ. ನಿದ್ದೆ ಮಾಡ್ಬೇಡ, ಅತ್ತೆ ಜೊತೆ ಮಾತಾಡ್ತಾ ಇರು."

ಲಿಯಾಂಡರ್ ನಕ್ಕ. ನಾರ್ಬರ್ಟ್ ಕಾರಿನ ವೇಗ ಹೆಚ್ಚಿಸಿದ. ಆಸ್ಪತ್ರೆ ಬರುವವರೆಗೂ ಮಗ ಕೇಳುತ್ತಲೇ ಇದ್ದ, ಅಪ್ಪ ಗೆಲ್ಲಿಸುತ್ತಲೇ ಇದ್ದ.